ನನ್ನ ಪಾಲಿನ ಅಂಚು

ನನಗೆ ಸಿಟ್ಟು ಬೇಗ. ಶ್ರೀರಂಗಪಟ್ಟಣದ ಪೇಟೆಬೀದಿಯಲ್ಲಿ ಜಾಕೆಟ್ ಹೊಲಿದು ಬದುಕುವವಳಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ನಾಳೆ ಮದುವೆ ಇಟ್ಟುಕೊಂಡು ಇವತ್ತು ಬಟ್ಟೆ ತರುತ್ತಾರೆ. ತೋಳು ಬಿಗಿಯಾಯಿತು ಎಂದು ಜಗಳಕ್ಕೆ ಬರುತ್ತಾರೆ, ತಾವು ದಪ್ಪಗಾಗಿದ್ದನ್ನು ಮಾತ್ರ ಹೇಳುವುದಿಲ್ಲ. ಮಧ್ಯಾಹ್ನದ ಊಟ ಮುಗಿಸಿ, ಅಂಗಡಿಯ ಷಟರು ಅರ್ಧಕ್ಕೆ ಎಳೆದು, ಹೊಲಿಗೆ ಮಿಷಿನ್ನಿಗೆ ಮೊಬೈಲು ಒರಗಿಸಿಕೊಂಡು ಆಟ ಆಡುವ ಹೊತ್ತೊಂದರಲ್ಲಿ ಮಾತ್ರ ನಾನು ಯಾರನ್ನೂ ಬೈಯುತ್ತಿರಲಿಲ್ಲ. ಬೈಯುತ್ತಿರಲಿಲ್ಲ ಎಂದೇ ಬರೆಯಬೇಕು, ಏಕೆಂದರೆ ಈಗ ಆ ಆಟ ತೆರೆಯಲು ನನಗೆ ಹೆದರಿಕೆ.

ಅದು ಚಿತ್ರ ಜೋಡಿಸುವ ಆಟ. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ನಡುನಡುವೆ ಜಾಹೀರಾತು ಸಹಿಸಿಕೊಂಡರೆ ಸಾಕು. ಒಂದು ಚಿತ್ರವನ್ನು ಚೂರುಚೂರು ಮಾಡಿ ಪರದೆಯ ತುಂಬ ಚೆಲ್ಲಿರುತ್ತಾರೆ. ಒಂದೊಂದೇ ಚೂರನ್ನು ಬೆರಳಿನಿಂದ ಎಳೆದು ಅದರ ಜಾಗಕ್ಕೆ ಕೂರಿಸಬೇಕು. ಸರಿಯಾಗಿ ಕೂತರೆ ಟಿಕ್ ಎನ್ನುತ್ತದೆ. ಚಿತ್ರಗಳೆಲ್ಲ ಯಾವುದೋ ದೇಶದ ರಜೆಯ ಚಿತ್ರಗಳು: ಹಿಮ ಮುಚ್ಚಿದ ಮರದ ಮನೆ, ದೀಪದ ಸರ ಸುತ್ತಿದ ಗಿಡ, ಕೆಂಪು ಟೋಪಿಯ ತಾತ, ಬೆಂಕಿಯ ಮುಂದೆ ಮಲಗಿದ ಬೆಕ್ಕು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ನಾವು ಹಿಮ ಜೋಡಿಸುತ್ತಿದ್ದೆವು.

ನಾವು ಎಂದರೆ ನಾನು ಮತ್ತು ನನ್ನ ಅಕ್ಕ. ಅಕ್ಕನನ್ನು ಕೊಟ್ಟಿರುವುದು ಪಾಂಡವಪುರ ದಾಟಿದರೆ ಸಿಗುವ, ನಾಲೆಯ ಪಕ್ಕದ ಒಂದು ಹಳ್ಳಿಗೆ. ಭಾವ ಕಬ್ಬಿನ ಲಾರಿ ಓಡಿಸುತ್ತಾರೆ. ಕೆ.ಆರ್. ಪೇಟೆ ಕಡೆ ಹೋದರೆಂದರೆ ಯಾವಾಗ ಮನೆಗೆ ಬರುತ್ತಾರೆ ಎಂದು ಹೇಳುವ ಹಾಗಿಲ್ಲ. ಮನೆ, ಹಸು, ಹುಲ್ಲು, ಹಾಲು ಎಲ್ಲ ಅಕ್ಕನದೇ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲಿನ ಕ್ಯಾನನ್ನು ಮೊಪೆಡ್ಡಿಗೆ ಕಟ್ಟಿಕೊಂಡು ನಾಲೆ ಏರಿಯ ಮೇಲೆ ಡೈರಿಗೆ ಹೋಗಿ ಬರುತ್ತಾಳೆ. ಆ ಏರಿ ದಾರಿಗೆ ತಡೆಗೋಡೆ ಇಲ್ಲ. ಒಂದು ಕಡೆ ಗದ್ದೆ ಬಯಲು, ಇನ್ನೊಂದು ಕಡೆ ನೇರವಾಗಿ ನೀರು.

ಅಕ್ಕನ ಮಗಳು ನಾಗಮಂಗಲದಲ್ಲಿ ಟೀಚರು. ಓದುವಾಗ ಆನ್‌ಲೈನ್ ಕ್ಲಾಸಿಗೆಂದು ಕೊಡಿಸಿದ್ದ ಟ್ಯಾಬ್ ಮನೆಯಲ್ಲೇ ಬಿದ್ದಿತ್ತು. ಅವಳೇ ಅದರಲ್ಲಿ ಈ ಆಟ ಹಾಕಿ, ನನ್ನ ಮೊಬೈಲಿನಲ್ಲೂ ಅಕ್ಕನ ಟ್ಯಾಬಿನಲ್ಲೂ ಒಂದೇ ಚಿತ್ರ ಬರುವ ಹಾಗೆ ಮಾಡಿಕೊಟ್ಟಳು. ಅಕ್ಕ ಅಲ್ಲಿ ಒಂದು ಚೂರು ಕೂರಿಸಿದರೆ ನನಗೆ ಇಲ್ಲಿ ಕಾಣುತ್ತದೆ. ಮೊದಲ ದಿನ ಅಕ್ಕ ಫೋನ್ ಮಾಡಿ ಬೈದಳು.

“ಏನ್ ಸುಡುಗಾಡು ಆಟ್ವೆ ಇದು? ಚೌಕಾಬಾರ ಆಡುದ್ರೆ ಸೋತೋರ್ ಮೊಕನಾದ್ರೂ ನೋಡ್ಬೋದು.”

ವಾರ ಕಳೆಯುವಷ್ಟರಲ್ಲಿ, “ಲೇ, ಆ ಬೆಕ್ಕಿನ್ ಬಾಲ ನಿಂಗೆಲ್ಲಾರ ಸಿಕ್ತೇನೆ?” ಎಂದು ಅವಳೇ ಫೋನ್ ಮಾಡುವಂತಾದಳು. ನಮ್ಮಿಬ್ಬರ ಹೊತ್ತು ಮಾತ್ರ ಹೊಂದುತ್ತಿರಲಿಲ್ಲ. ಅವಳು ಹಸುಗಳಿಗೆ ನೀರು ತೋರಿಸಿ ಬಂದು, ಉಂಡು, ಮೊದಲು ಆಡುತ್ತಿದ್ದಳು. ನಾನು ಷಟರು ಎಳೆದು ಕೂರುವ ಹೊತ್ತಿಗೆ ಅವಳ ಆಟ ಮುಗಿದಿರುತ್ತಿತ್ತು. ಅವಳು ಬಿಟ್ಟದ್ದನ್ನು ನಾನು ಪೂರ್ತಿ ಮಾಡುತ್ತಿದ್ದೆ.

ಅವಳು ಬಿಡುತ್ತಿದ್ದುದು ಯಾವಾಗಲೂ ಅಂಚನ್ನೇ. ಚಿತ್ರ ಜೋಡಿಸುವವರು ಯಾರೇ ಆಗಲಿ ಮೊದಲು ಅಂಚು ಹಿಡಿಯುತ್ತಾರೆ, ಏಕೆಂದರೆ ಅಂಚಿನ ಚೂರಿಗೆ ಒಂದು ಮಗ್ಗುಲು ನೆಟ್ಟಗಿರುತ್ತದೆ, ಹುಡುಕುವುದು ಸುಲಭ. ಅಕ್ಕ ಮಾತ್ರ ನಡುವಿನ ಮನೆ, ಬಾಗಿಲು, ಬೆಕ್ಕು ಎಲ್ಲ ಜೋಡಿಸಿ ಸುತ್ತಲಿನದನ್ನು ಹಾಗೇ ಬಿಡುತ್ತಿದ್ದಳು. ಚಿಕ್ಕವರಿದ್ದಾಗ ಅವ್ವ ಅಕ್ಕಿರೊಟ್ಟಿ ತಟ್ಟಿ ನಮ್ಮಿಬ್ಬರಿಗೂ ಒಂದೇ ತಟ್ಟೆಯಲ್ಲಿ ಹಾಕುತ್ತಿದ್ದಳು. ನನಗೆ ಗರಿಗರಿ ಅಂಚೇ ಆಗಬೇಕು. ಇಲ್ಲದಿದ್ದರೆ ನೆಲಕ್ಕೆ ಬಿದ್ದು ಹೊರಳುತ್ತಿದ್ದೆ. ಅಕ್ಕ ನಡುವಿನ ಮೆತ್ತನೆಯದನ್ನು ತಿಂದು, ಸುತ್ತಲಿನ ಅಂಚನ್ನು ಬಳೆಯ ಹಾಗೆ ನನಗೆ ಬಿಡುತ್ತಿದ್ದಳು. ಈ ವಯಸ್ಸಿನಲ್ಲೂ ನನ್ನ ಪಾಲು ನನಗೆ ಎತ್ತಿಡುತ್ತಾಳಲ್ಲ ಎಂದು ನಾನು ಅಂದುಕೊಂಡೆ. ಅವಳನ್ನು ಕೇಳಲಿಲ್ಲ. ಅಂಥದ್ದನ್ನೆಲ್ಲ ನಮ್ಮಲ್ಲಿ ಬಾಯಿಬಿಟ್ಟು ಕೇಳುವುದಿಲ್ಲ.

ಒಂದು ಸಲ ನಾನು, “ಇವತ್ತು ನಂಗೆ ಬೋ ಕೆಲ್ಸ ಬುಟ್ಟಿದ್ದೆ ಬುಡಕ್ಕ” ಎಂದೆ.

“ನಿಂಗೇನ್ ಬುಟ್ಟಿದ್ನೆ? ಎಲ್ಲಾ ನಾನೇ ಮುಗ್ಸಿದ್ನಲ್ಲ” ಎಂದಳು.

ಜಂಬ ಕೊಚ್ಚಿಕೊಳ್ಳುತ್ತಾಳೆ ಎಂದು ನಕ್ಕುಬಿಟ್ಟೆ. ಇನ್ನೊಂದು ದೂರು ಅವಳದು ಯಾವಾಗಲೂ ಇತ್ತು. ಚಿತ್ರ ಪೂರ್ತಿಯಾದರೆ ಪರದೆಯ ಮೇಲೆ ಬಣ್ಣಬಣ್ಣದ ಪಟಾಕಿ ಸಿಡಿಯುತ್ತದೆ. “ನಿನ್ ಮೊಬೈಲ್ನಲ್ಲಿ ಬತ್ತದೆ, ನನ್ ಟ್ಯಾಬ್ನಲ್ಲಿ ಬರಕ್ಕಿಲ್ಲ” ಎನ್ನುತ್ತಿದ್ದಳು. ಟ್ಯಾಬ್ ಹಳೆಯದಾಯಿತು, ಹೊಸದು ಕೊಡಿಸೋಣ ಎಂದು ಮಗಳು ಸಮಾಧಾನ ಹೇಳುತ್ತಿದ್ದಳು.

ಹೀಗೇ ವರ್ಷಗಳು ಹೋದವು. ನನ್ನ ಪಾಲಿನ ಅಂಚು ಅಗಲವಾಗುತ್ತ ಬಂತು. ಮೊದಲು ಸುತ್ತಲಿನ ಒಂದು ಸಾಲು ಮಾತ್ರ ಉಳಿಯುತ್ತಿತ್ತು. ಆಮೇಲೆ ಗಿಡಗಳು ಉಳಿದವು, ಬೇಲಿ ಉಳಿಯಿತು, ಮನೆಯ ಮಾಡು ಉಳಿಯಿತು. ಒಂದು ದಿನ ನೋಡಿದರೆ ಬಾಗಿಲು, ಬಾಗಿಲ ಮುಂದಿನ ಬೆಕ್ಕು, ಅಷ್ಟೇ ಜೋಡಿಸಿದ್ದಾಳೆ. ಸುತ್ತ ಎಲ್ಲ ಖಾಲಿ. ಬೆಕ್ಕು ಏನೂ ಇಲ್ಲದ ಕಡೆ ಒಂದು ಬಾಗಿಲಿಗೆ ಒರಗಿಕೊಂಡು ಕೂತಂತಿತ್ತು. ಆಗಲೂ ನನಗೆ ಹೊಳೆಯಲಿಲ್ಲ. ಬೇಸಿಗೆ, ಹುಲ್ಲಿಗೆ ದೂರ ಹೋಗಬೇಕು, ಪಾಪ ಸುಸ್ತಾಗಿರುತ್ತಾಳೆ ಎಂದುಕೊಂಡೆ.

ಅವಳ ಊರಿಂದ ಬಟ್ಟೆ ಹೊಲಿಸಲು ಬರುವ ಹೆಂಗಸೊಬ್ಬಳು, “ನಿಮ್ಮಕ್ಕಂಗೆ ಈಚೀಚೆಗೆ ಸೊಕ್ಕು ಬಂದದೆ ಕಣವ್ವ. ಮಗ್ಲಾಗೆ ನಡ್ಕೊಂಡೋದ್ರೂ ಮಾತಾಡ್ಸಕ್ಕಿಲ್ಲ” ಎಂದಳು. ನಾನು ಅವಳ ಜಾಕೆಟ್ಟಿನ ಬಟ್ಟೆಯನ್ನು ವಾಪಸ್ ಕೊಟ್ಟು ಕಳಿಸಿದೆ. ಅಕ್ಕ ಹಿತ್ತಲ ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡಳಂತೆ, ಕರುವನ್ನು ಎಡವಿ ಬಿದ್ದಳಂತೆ ಎಂದು ಮಗಳು ಹೇಳಿದಾಗ, ಅವಳಿಗೆ ಯಾವಾಗಲೂ ಅವಸರವೇ ಎಂದು ಬೈದೆ.

ಗೌರಿ ಹಬ್ಬದ ಹಿಂದಿನ ಭಾನುವಾರ ಬಾಗಿನ ಹಿಡಿದುಕೊಂಡು ಅಕ್ಕನ ಮನೆಗೆ ಹೋದೆ. ಆ ವರ್ಷ ಕೆ.ಆರ್.ಎಸ್. ತುಂಬಿತ್ತು, ನಾಲೆಗೆ ನೀರು ಬಿಟ್ಟಿದ್ದರು. ಬಸ್ಸಿನಿಂದ ಇಳಿದರೆ ನೀರಿನ ಸದ್ದು ಕೇಳುತ್ತಿತ್ತು. ಉಂಡು ಕೈ ತೊಳೆದ ಮೇಲೆ ಅಕ್ಕ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತು ಟ್ಯಾಬ್ ತೊಡೆಯ ಮೇಲಿಟ್ಟುಕೊಂಡಳು. ಇಷ್ಟು ವರ್ಷ ಜೊತೆಯಲ್ಲಿ ಆಡಿದ್ದರೂ ಅವಳು ಆಡುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದು ಅದೇ ಮೊದಲು.

ಅವಳು ಕಣ್ಣು ಹೊರಳಿಸುತ್ತಿರಲಿಲ್ಲ, ತಲೆಯನ್ನೇ ತಿರುಗಿಸುತ್ತಿದ್ದಳು. ಕಾಳು ಹುಡುಕುವ ಕೋಳಿಯಂತೆ ತಲೆ ಅತ್ತ ಇತ್ತ ಆಡಿಸಿ ಒಂದು ಚೂರು ಹಿಡಿಯುತ್ತಿದ್ದಳು. “ಬೆಕ್ಕಿನ್ ಕಿವಿ ಎಲ್ಲೋಯ್ತೆ?” ಎಂದು ಗೊಣಗುತ್ತಿದ್ದಳು. ಆ ಕಿವಿ ಅವಳ ಎಡಗೈ ಹೆಬ್ಬೆರಳಿನ ಪಕ್ಕದಲ್ಲೇ ಇತ್ತು. ನಾನು ಸುಮ್ಮನೆ ನೋಡುತ್ತ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಉಸ್ಸೆಂದು ಟ್ಯಾಬನ್ನು ನನ್ನ ಕಡೆ ಚಾಚಿದಳು.

“ಮುಗೀತು ನೋಡು. ಎಂಗದೆ? ಪಟಾಕಿ ಮಾತ್ರ ಬರಾಕಿಲ್ಲ.”

ಪರದೆಯ ನಡುವೆ ಒಂದು ಬಾಗಿಲು, ಒಂದು ಬೆಕ್ಕು. ಸುತ್ತ ಎಲ್ಲ ಬಿಳಿ ಬಿಳಿ ಖಾಲಿ ಜಾಗ, ಪರದೆಯ ಅಂಚಿನಲ್ಲಿ ಉಳಿದ ಚೂರುಗಳ ರಾಶಿ. ಆ ಬಿಳುಪನ್ನು ಅವಳು ಹಿಮ ಎಂದುಕೊಂಡಿದ್ದಳು. ನನ್ನ ಪಾಲನ್ನು ಅವಳು ಎತ್ತಿಟ್ಟಿರಲೇ ಇಲ್ಲ. ಅವಳಿಗೆ ಅದು ಕಂಡೇ ಇರಲಿಲ್ಲ.

ಟ್ಯಾಬನ್ನು ಅವಳ ತೊಡೆಯ ಮೇಲೆ ವಾಪಸ್ ಇಟ್ಟು “ಚೆನ್ನಾಗದೆ” ಎಂದೆ. ಅಷ್ಟರಲ್ಲಿ ಹಾಲು ಕರೆಯುವ ಹೊತ್ತಾಯಿತು. ಅವಳು ಹಸುವಿನ ಮೈ ಸವರಿಕೊಂಡೇ ಹೋಗಿ ಕೂತು, ನೋಡದೆ ಕರೆದಳು. ಕ್ಯಾನು ಕಟ್ಟಿ ಮೊಪೆಡ್ ತೆಗೆದಾಗ ನಾನೂ ಬರುತ್ತೇನೆಂದು ಹಿಂದೆ ಹತ್ತಿ ಕೂತೆ. ಒಬ್ಬಳನ್ನೇ ಕಳಿಸಲು ಧೈರ್ಯವಾಗಲಿಲ್ಲ.

ಏರಿಯ ಮೇಲೆ ಎಡಕ್ಕೆ ನಾಲೆ. ಸಂಜೆ ಬಿಸಿಲಿಗೆ ನೀರು ಕೆಂಪಗೆ, ದಂಡೆಯ ಹುಲ್ಲನ್ನು ಮುಳುಗಿಸಿಕೊಂಡು ಓಡುತ್ತಿತ್ತು. ಅಕ್ಕ ದಾರಿಯ ನಟ್ಟನಡುವೆ ಗಾಡಿ ಬಿಡುತ್ತಿದ್ದಳು, ಚೆನ್ನಾಗಿಯೇ ಬಿಡುತ್ತಿದ್ದಳು. ಆ ದಾರಿ ಅವಳಿಗೆ ಬಾಯಿಪಾಠವಾಗಿತ್ತು. ಎಲ್ಲಿ ಗುಂಡಿ, ಎಲ್ಲಿ ತಿರುವು, ಎಲ್ಲಿ ಮೋರಿ ಎಲ್ಲ ಅವಳ ಮೈಗೆ ಗೊತ್ತಿತ್ತು. ನಿನ್ನೆ ಇಲ್ಲದಿದ್ದದ್ದು ಇವತ್ತು ಬಂದರೆ ಏನು ಮಾಡುತ್ತಾಳೆ ಎಂದು ನಾನು ಅಂದುಕೊಳ್ಳುವಷ್ಟರಲ್ಲೇ ಬಲಗಡೆಯ ಗದ್ದೆ ದಾರಿಯಿಂದ ಕಬ್ಬು ತುಂಬಿದ ಟ್ರಾಕ್ಟರು ಏರಿಗೆ ಹತ್ತಿತು. ನನಗೆ ಅದು ದೂರದಿಂದಲೇ ಕಂಡಿತ್ತು. ಅಕ್ಕ ವೇಗ ಕಡಿಮೆ ಮಾಡಲಿಲ್ಲ. ಡ್ರೈವರು ಹಾರ್ನ್ ಒತ್ತಿದ. ಸದ್ದಿಗೆ ಬೆಚ್ಚಿ ಅವಳು ತಲೆಯನ್ನು ಪೂರ್ತಿ ಬಲಕ್ಕೆ ತಿರುಗಿಸಿದಳು, ಗಾಡಿ ಎಡಕ್ಕೆ ಎಳೆಯಿತು. ಚಕ್ರದ ಕೆಳಗೆ ಜಲ್ಲಿ ಜರಿಯಿತು. ನನ್ನ ಚಪ್ಪಲಿಯ ಕೆಳಗೆ ನೆಲವಿರಲಿಲ್ಲ, ನೀರೇ ಕಾಣುತ್ತಿತ್ತು. ನಾನು ಕಿರುಚಿ ಬಲಕ್ಕೆ ವಾಲಿ, ಎರಡೂ ಕೈಯಿಂದ ಅವಳ ಸೊಂಟ ಹಿಡಿದೆಳೆದೆ. ಗಾಡಿ ಮಣ್ಣಿಗೆ ಬಂದು ನಿಂತಿತು.

“ಎಲ್ಲಿಂದ್ ಬಂದ್ನೆ ಇವ್ನು, ಮನೆಹಾಳ! ಕಣ್ ಕಾಣಕ್ಕಿಲ್ವಾ?” ಎಂದು ಅಕ್ಕ ಟ್ರಾಕ್ಟರಿನವನಿಗೆ ಬೈದಳು.

ಡೈರಿಯ ಅಂಗಳದಲ್ಲಿ ಹಾಲು ಕೊಟ್ಟ ಮೇಲೆ ನಾನು ಅವಳನ್ನು ನನ್ನ ಎದುರಿಗೆ ನಿಲ್ಲಿಸಿಕೊಂಡೆ. ನನ್ನ ಮೂಗನ್ನೇ ನೋಡು, ಬೇರೆ ಎಲ್ಲೂ ನೋಡಬೇಡ ಎಂದೆ. ಎರಡೂ ಕೈಗಳನ್ನು ಅವಳ ಮುಖದ ಎರಡು ಪಕ್ಕಕ್ಕೆ ಚಾಚಿ ಬೆರಳಾಡಿಸಿದೆ.

“ಯಾವ್ ಕೈ ಆಡುಸ್ತಾ ಇವ್ನಿ, ಯೋಳು.”

“ಯಾವ್ ಕೈಯ್ಯೆ?” ಎಂದಳು. “ಕೈ ಎಲ್ಲವೆ?”

ಹಾಲು ಹಾಕಲು ಬಂದವರು ಅಕ್ಕತಂಗಿಯರ ಆಟ ನೋಡಿ ನಗುತ್ತಿದ್ದರು. ನಾನು ಕೈಗಳನ್ನು ಸ್ವಲ್ಪಸ್ವಲ್ಪವೇ ಒಳಕ್ಕೆ ತಂದೆ. ನನ್ನ ಎರಡೂ ಕಿವಿಗಳ ಹತ್ತಿರ ಬಂದಾಗ ಅವಳು, “ಹಾ, ಈಗ ಕಾಣ್ತಾ ಅವೆ” ಎಂದಳು. ಆಮೇಲೆ ನನ್ನ ಮುಖ ನೋಡಿದಳು, ಮೊಪೆಡ್ ಹತ್ತಲಿಲ್ಲ. ಮೊಪೆಡ್ ತಳ್ಳಿಕೊಂಡು ನಡೆದೇ ಮನೆಗೆ ಬಂದೆವು. ನಾಲೆಯ ಕಡೆ ನಾನು ನಡೆದೆ.

ಮೈಸೂರಿನ ಕಣ್ಣಾಸ್ಪತ್ರೆಯಲ್ಲಿ ಅವಳನ್ನು ಒಂದು ಕತ್ತಲೆ ಕೋಣೆಯಲ್ಲಿ ಕೂರಿಸಿ, ದೊಡ್ಡ ಬಿಳಿ ಬೋಗುಣಿಯಂಥ ಯಂತ್ರದೊಳಕ್ಕೆ ಮುಖ ಇಡಿಸಿದರು. ನೆಟ್ಟಗೆ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಚುಕ್ಕೆ ಬೆಳಕು ಕಂಡರೆ ಬಟನ್ ಒತ್ತಬೇಕು. ಅಕ್ಕ ಹೊರಗೆ ಬಂದು, “ಇದೂ ಮೊಬೈಲ್ ಆಟ ಇದ್ದಂಗೇ ಅದೆ ಕಣೆ. ಬೋ ಕಮ್ಮಿ ಬೆಳಕು ಬುಡ್ತಾರೆ” ಎಂದಳು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸಮಾಧಾನದವರು. ಪರೀಕ್ಷೆಯ ಹಾಳೆ ತೋರಿಸಿದರು. ಎರಡು ಕಣ್ಣಿಗೆ ಎರಡು ಉರುಟು ಚಿತ್ರ. ಎರಡೂ ಕಪ್ಪು, ನಡುವೆ ಮಾತ್ರ ಸ್ವಲ್ಪ ಬಿಳಿ. ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಇದಕ್ಕೆ ಗ್ಲಾಕೋಮಾ ಎನ್ನುತ್ತಾರೆ, ನೋವಿಲ್ಲದೆ ಸುತ್ತಲಿಂದ ತಿನ್ನುತ್ತ ಬರುತ್ತದೆ ಎಂದರು. ಹೋದದ್ದು ಮತ್ತೆ ಬರುವುದಿಲ್ಲ, ದಿನವೂ ಹನಿ ಹಾಕಿಕೊಂಡು ಉಳಿದದ್ದನ್ನು ಕಾಪಾಡಿಕೊಳ್ಳಬೇಕು, ಗಾಡಿಯನ್ನಂತೂ ಮುಟ್ಟಲೇಬಾರದು ಎಂದರು.

ಆಮೇಲೆ, ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದರು. ಅಕ್ಕ ತಲೆ ತಿರುಗಿಸಿ ನನ್ನನ್ನು ನೋಡಿದಳು. ಅವ್ವ ಕಡೆಗಾಲದಲ್ಲಿ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು. ಊರಲ್ಲಿ ಅವಳಿಗೂ ಸೊಕ್ಕಿನವಳು ಎನ್ನುತ್ತಿದ್ದರು. “ಒಡಹುಟ್ಟಿದವರು ಎಲ್ಲರೂ ಒಂದು ಸಲ ಪರೀಕ್ಷೆ ಮಾಡಿಸಿಕೊಳ್ಳಬೇಕು” ಎಂದು ಡಾಕ್ಟರಮ್ಮ ನನಗೆ ಹೇಳಿದರು. ಹಬ್ಬದ ಹೊಲಿಗೆ ಬಹಳ ಇದೆ, ಮುಂದಿನ ಸಲ ಬರುತ್ತೇನೆ ಎಂದೆ. ಸೂಜಿಗೆ ದಾರ ಪೋಣಿಸಿ ಅನ್ನ ತಿನ್ನುವವಳು ನಾನು. ನನಗೆ ಏನೂ ಗೊತ್ತಾಗುವುದೇ ಬೇಡವಾಗಿತ್ತು.

ಮನೆಗೆ ಬಂದು ಮೊಪೆಡ್ಡಿನ ಕೀ ಕೇಳಿದರೆ ಅಕ್ಕ ಕೊಡಲಿಲ್ಲ.

“ಕೀ ಕೊಟ್ಬುಟ್ಟು ಏನ್ಮಾಡ್ಲಿ? ಆಲು ಯಾರ್ ತಕ್ಕೊಂಡೋಯ್ತಾರೆ? ಅಸ ಮಾರ್ಬುಟ್ಟು ಗೋಡೆ ನೋಡ್ಕಂಡು ಕೂತ್ಕಳ್ಳಾ?”

“ನಾಲೆಗ್ ಬಿದ್ರೆ ಏನಕ್ಕ ಮಾಡ್ತೀಯೆ?”

“ಇಸ್ಟ್ ದಿನ ಬಿದ್ದಿದ್ನಾ?” ಎಂದಳು. ಆಮೇಲೆ ನನ್ನ ಮುಖದ ಮೇಲೆ ಕಣ್ಣು ನಿಲ್ಲಿಸಿ, “ನೀನು ಕಣ್ ತೋರಿಸ್ಕೊಂಡ್ ಬಾ. ಆವತ್ತು ಕೊಡ್ತೀನಿ ಕೀಯ” ಎಂದಳು. ನಾನು ಹೋಗುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತೊಟ್ಟಿಲಲ್ಲಿದ್ದಾಗಿನಿಂದ ಅವಳು ನನ್ನನ್ನು ನೋಡಿದ್ದಾಳೆ.

ಗೌರಿ ಹಬ್ಬ ಹೋಯಿತು, ದಸರಾ ಬಂತು. ನಾನು ಹೋಗಲಿಲ್ಲ, ಅವಳು ಮೊಪೆಡ್ ಓಡಿಸುವುದನ್ನು ನಿಲ್ಲಿಸಲಿಲ್ಲ. ಮಗಳು ಅತ್ತಳು, ಭಾವ ಕೂಗಾಡಿದರು. ಅವರಿಬ್ಬರೂ ಊರಲ್ಲಿಲ್ಲದಾಗ ಗಾಡಿ ಹೊರಗೆ ಬರುತ್ತಿತ್ತು. ಸಂಜೆ ಡೈರಿ ಹೊತ್ತು ಕಳೆದ ಮೇಲೆ ನಾನು ದಿನವೂ ಫೋನ್ ಮಾಡುತ್ತಿದ್ದೆ. ಅವಳು ಎತ್ತಿ “ಬದ್ಕಿದೀನಿ ಕಣೆ” ಎಂದು ಇಟ್ಟುಬಿಡುತ್ತಿದ್ದಳು. ನಾಲೆಗೆ ಇನ್ನೂ ನೀರು ಹರಿಯುತ್ತಿತ್ತು. ಆಟ ತೆರೆದರೆ ನಡುವೆ ಬೊಗಸೆಯಷ್ಟು ಚಿತ್ರ, ಸುತ್ತ ಬಿಳುಪು. ಈಗ ಗೊತ್ತಿದ್ದೂ ಅವಳು ಆಡುತ್ತಲೇ ಇದ್ದಳು. ಉಳಿದದ್ದನ್ನು ಜೋಡಿಸಲು ನನಗೆ ಮನಸ್ಸಾಗುತ್ತಿರಲಿಲ್ಲ. ಒಂದು ಚೂರು ಸಿಗುವುದು ತಡವಾದರೆ, ಇದು ಎಲ್ಲರಿಗೂ ಹೀಗೇ ತಡವಾಗುತ್ತದೋ ಅಥವಾ ನನಗೂ ಕಾಣುತ್ತಿಲ್ಲವೋ ಎಂದು ಆಟ ಮುಚ್ಚಿಬಿಡುತ್ತಿದ್ದೆ.

ಒಂದು ಸಂಜೆ ಅವಳು ಫೋನ್ ಎತ್ತಲಿಲ್ಲ. ಮತ್ತೆ ಮಾಡಿದೆ, ರಿಂಗ್ ಆಗಿ ಆಗಿ ನಿಂತಿತು. ಮೈಮೇಲೆ ಅಳತೆ ಟೇಪು ಇಟ್ಟಿದ್ದ ಗಿರಾಕಿಯನ್ನು ಹಾಗೇ ನಿಲ್ಲಿಸಿ ಹೊರಗೆ ಬಂದೆ. ಮಗಳಿಗೆ ಮಾಡಿದೆ, ಅಕ್ಕ ಅವಳ ಫೋನನ್ನೂ ಎತ್ತಿರಲಿಲ್ಲವಂತೆ. ಭಾವನ ಲಾರಿ ಕೆ.ಆರ್. ಪೇಟೆಯಲ್ಲಿತ್ತು. ನಮ್ಮ ಬೀದಿಯ ಆಟೋದ ಸಾಬರು ನನ್ನ ಮುಖ ನೋಡಿ, “ಕ್ಯಾ ಹುವಾ ಅಕ್ಕಾ? ಕೂತ್ಕಳ್ಳಿ ಮೊದ್ಲು” ಎಂದು ಆಟೋ ತಿರುಗಿಸಿದರು. ಪಾಂಡವಪುರ ದಾಟಿ ಏರಿ ಹತ್ತಿದ ಮೇಲೆ ನಾನು ದಾರಿ ನೋಡಲಿಲ್ಲ, ನೀರನ್ನೇ ನೋಡುತ್ತ ಹೋದೆ. ನೀರಿನಲ್ಲಿ ಹಾಲಿನ ಕ್ಯಾನು ತೇಲುತ್ತದೋ ಮುಳುಗುತ್ತದೋ ಎಂದು ಯೋಚಿಸುತ್ತಿದ್ದೆ. ಅಂಥದ್ದನ್ನೆಲ್ಲ ತಲೆ ತಾನಾಗಿ ಯೋಚಿಸುತ್ತದೆ.

ಅಕ್ಕ ಮನೆಯಲ್ಲಿದ್ದಳು. ಕೊಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನೆಲ ತಡವುತ್ತಿದ್ದಳು. ಫೋನು ಕೈಜಾರಿ ಹುಲ್ಲಿನ ಮೇಲೆ ಬಿದ್ದಿತ್ತು. ಅದು ಬಡಿದುಕೊಳ್ಳುವುದು ಕೇಳುತ್ತಿತ್ತು, ಎಲ್ಲಿದೆ ಎಂದು ಕಾಣುತ್ತಿರಲಿಲ್ಲ. ಆಗಿನಿಂದ ಹುಡುಕುತ್ತಿದ್ದಳು. ಅದು ಅವಳ ಮೊಣಕಾಲಿಗೆ ಒಂದು ಗೇಣು ದೂರದಲ್ಲಿತ್ತು. ನಾನು ಎತ್ತಿ ಕೈಗೆ ಕೊಟ್ಟು, ಅಲ್ಲೇ ಸಗಣಿ ನೆಲದಲ್ಲಿ ಕೂತು ಅತ್ತೆ. “ಬೆಳಿಗ್ಗೆ ಮೈಸೂರ್ಗೆ ಓಯ್ತೀನಿ. ನೀನೂ ಬಾ. ಕೀ ತಕ್ಕೊಂಡ್ ಬಾ” ಎಂದೆ.

ಮಾರನೆಯ ದಿನ ಅದೇ ಕೋಣೆ, ಅದೇ ಬೋಗುಣಿ. ಒಂದು ಕಣ್ಣಿಗೆ ಪಟ್ಟಿ ಹಾಕಿ ಗದ್ದ ಒರಗಿಸಿದರು. ಕೆಲವು ಬೆಳಕು ಬಹಳ ಮಂಕಾಗಿರುತ್ತವೆ, ಅವು ಯಾರಿಗೂ ಕಾಣುವುದಿಲ್ಲ, ಗಾಬರಿಯಾಗಬೇಡಿ ಎಂದು ಯಂತ್ರ ನೋಡಿಕೊಳ್ಳುವ ಹುಡುಗಿ ಹೇಳಿದಳು. ಬಲಗಣ್ಣಿನದು ಬೇಗ ಮುಗಿಯಿತು. ಎಡಗಣ್ಣಿಗೆ ಮೊದಲು ಚುಕ್ಕೆಗಳು ಬಂದವು. ಅಲ್ಲೊಂದು, ಇಲ್ಲೊಂದು, ನಾನು ಒತ್ತಿದೆ. ಆಮೇಲೆ ಯಂತ್ರ ಒಳಗೆ ಸಣ್ಣಗೆ ಕಟಕಟ ಎಂದಿತು, ಬೆಳಕು ಬರಲಿಲ್ಲ. ಮತ್ತೆ ಕಟಕಟ. ಬೆಳಕಿಲ್ಲ. ಸುಳ್ಳೇ ಒತ್ತಿಬಿಡಲೇ ಎನಿಸಿತು. ಒತ್ತಲಿಲ್ಲ. ಸದ್ದು ಮಾತ್ರ ಕೇಳುತ್ತ ಕೂತೆ.

ಡಾಕ್ಟರಮ್ಮ ಹಾಳೆ ತೋರಿಸಿದರು. ಬಲಗಣ್ಣಿನದು ಬಿಳಿ. ಎಡಗಣ್ಣಿನ ಮೇಲ್ಮೂಲೆಯಲ್ಲಿ ಶಾಯಿ ಚೆಲ್ಲಿದ ಹಾಗೆ ಕಪ್ಪು. ಶುರುವಿನಲ್ಲೇ ಸಿಕ್ಕಿದೆ, ಹನಿ ತಪ್ಪಿಸದೆ ಹಾಕಿದರೆ ಇಲ್ಲೇ ನಿಲ್ಲಿಸಬಹುದು ಎಂದರು. ನಿಲ್ಲಿಸುತ್ತೇವೆ ಎನ್ನಲಿಲ್ಲ.

ಹೊರಗೆ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ನನ್ನ ಹೆಜ್ಜೆ ಸದ್ದಿಗೆ ತಲೆಯೆತ್ತಿ ಆ ಕಡೆ ಈ ಕಡೆ ತಿರುಗಿಸಿದಳು, ನಾನು ಸಿಗಲಿಲ್ಲ. ಹತ್ತಿರ ಹೋಗಿ ನೇರ ಎದುರಿಗೆ ನಿಂತೆ.

“ಎಡಗಣ್ಗೆ ಸುರುವಾಗದಂತೆ ಕಣಕ್ಕ” ಎಂದೆ.

ತನ್ನ ಎರಡೂ ಕಣ್ಣಿನ ಸುದ್ದಿ ಕೇಳಿದ ದಿನ ಆಟದ ಮಾತಾಡಿದವಳು, ಡಾಕ್ಟರ ಎದುರು ಒಂದು ಹನಿ ಕಣ್ಣೀರು ಹಾಕದವಳು, ಈಗ ತುಟಿ ಕಚ್ಚಿಕೊಂಡಳು. “ನಿನ್ನೂ ಬುಡ್ನಿಲ್ವೇನೆ” ಎಂದಳು. ಸೆರಗಿನ ತುದಿಯ ಗಂಟನ್ನು ಬಿಚ್ಚಿ, ಕೀ ತೆಗೆದು, ನನ್ನ ಅಂಗೈ ಎಲ್ಲಿದೆ ಎಂದು ತಡವಿ ಹುಡುಕಿ ಅದರೊಳಗಿಟ್ಟಳು, ಬೆರಳುಗಳನ್ನು ಮಡಿಸಿದಳು. ಆಮೇಲೆ ಎರಡೂ ಕೈಯಿಂದ ನನ್ನ ಮುಖ ಹಿಡಿದು, ತನಗೆ ಕಾಣುವ ಜಾಗಕ್ಕೆ ಎಳೆದುಕೊಂಡು, ಎಡಗಣ್ಣನ್ನೇ ನೋಡುತ್ತ ಬಹಳ ಹೊತ್ತು ಕೂತಳು.